ಮೂರು ಮೆಟ್ಟಿಲು, ಮೂರು ಗಾಲಿ

(ದೊಡ್ಡಬಳ್ಳಾಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ. ಗೆಳೆಯರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇವೆ.)

ಗೆಳೆಯರೇ,

ಭೂಮಿ ಬಗ್ಗೆ ಮಾತಾಡಿದ್ದಾಯ್ತು. ಮೀಸಲಾತಿ ಬಗ್ಗೆ, ದೌರ್ಜನ್ಯದ ಬಗ್ಗೆ ಮಾತಾಡಿದ್ದಾಯ್ತು. ಈಗ ನಮಗೆ ಕೊಟ್ಟಿರೋ ವಿಷಯ ಅಂಗವಿಕಲರದ್ದು. ವಿಷಯ ಹೇಳಿದ ಕೂಡಲೇ ಕೆಲವರ ಬಾಯಲ್ಲಿ 'ಅಯ್ಯೋ ಪಾಪ' ಅನ್ನೋ ಮಾತು ಬಂತು. ಆ 'ಪಾಪ'ವನ್ನ ಮೊದಲು ಚಪ್ಪಲಿ ಜೊತೆ ಬಾಗಿಲ ಹೊರಗೆ ಬಿಟ್ಟು ಬರೋಣ. ಯಾಕಂದ್ರೆ ನಮ್ಮನ್ನೂ ಬಹಳ ಜನ 'ಪಾಪ' ಅಂದಿದ್ದಾರೆ. ಪಾಪ ಅಂದವರು ಹಳೇ ಅಂಗಿ ಕೊಟ್ಟರು, ಮಿಕ್ಕಿದ ಅನ್ನ ಕೊಟ್ಟರು. ಭೂಮಿ ಕೊಡಲಿಲ್ಲ, ಬಾವಿ ಬಿಡಲಿಲ್ಲ. ಕನಿಕರ ಎಷ್ಟು ದೂರ ಬರುತ್ತೆ, ಎಲ್ಲಿ ನಿಂತುಬಿಡುತ್ತೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಾವು ಹೇಳಬೇಕಾದ ಮಾತು ಒಂದೇ. ಕಾಲಿಲ್ಲದ್ದರಿಂದ, ಕಣ್ಣಿಲ್ಲದ್ದರಿಂದ, ಕಿವಿ ಕೇಳದ್ದರಿಂದ ಮನುಷ್ಯ ಶಾಲೆಯ ಹೊರಗೆ, ಕಚೇರಿಯ ಹೊರಗೆ ಉಳೀತಾನೆ ಅಂತ ಸಮಾಜ ನಂಬಿಸಿದೆ. ಅವನು ಹೊರಗೆ ಉಳಿಯೋದು ಶಾಲೆಯನ್ನ, ಕಚೇರಿಯನ್ನ ಹಾಗೆ ಕಟ್ಟಿರೋದ್ರಿಂದ. ಕೈಯಿಂದ ಕಟ್ಟಿದ್ದನ್ನ ಕೈಯಿಂದಲೇ ಬದಲಾಯಿಸಬಹುದು. ಬದಲಾಯಿಸಿ ಅಂತ ಕೇಳೋದು ಭಿಕ್ಷೆ ಅಲ್ಲ, ಹಕ್ಕು.

ಮಹಾಡದ ಕೆರೆಯನ್ನ ನೆನಪು ಮಾಡಿಕೊಳ್ಳಿ. 1923ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಬೋಳೆಯವರ ನಿರ್ಣಯ ಪಾಸಾಯ್ತು: ಸರ್ಕಾರದ ದುಡ್ಡಿನಿಂದ ನಡೆಯೋ ಕೆರೆ, ಬಾವಿ, ಶಾಲೆ, ಆಸ್ಪತ್ರೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡದ ಪುರಸಭೆ ತನ್ನ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಕಾಗದದ ಮೇಲೆ ಕೆರೆ ತೆರೆದಿತ್ತು. ಒಬ್ಬ ಅಸ್ಪೃಶ್ಯನೂ ಒಂದು ಬೊಗಸೆ ನೀರು ಕುಡಿಯೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನ ಕರಕೊಂಡು ಆ ಕೆರೆಗೆ ಇಳಿದ ಮೇಲೇನೇ ಅದು ಪ್ರಶ್ನೆ ಆಗಿದ್ದು. ಅಂದು ನಮ್ಮವರಿಗೆ ಏಟು ಬಿತ್ತು. ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು. ಕೋರ್ಟಿನಲ್ಲಿ ಅದು ಮುಗಿಯೋದಕ್ಕೆ 1937ನೇ ಇಸವಿ ಬಂತು.

ಇದನ್ನ ಯಾಕೆ ಹೇಳ್ತಿದ್ದೇವೆ? ಠರಾವಿಗೂ ನೀರಿಗೂ ನಡುವೆ ಇರೋ ದೂರ ನಮ್ಮ ಇತಿಹಾಸ. ಇವತ್ತು ಅಂಗವಿಕಲರು ನಿಂತಿರೋದು ಆ ದೂರದಲ್ಲೇ. ಅವರಿಗೂ ಕಾಯ್ದೆ ಇದೆ, ಕಾರ್ಡು ಇದೆ, ಪಾಸು ಇದೆ. ಬಾಗಿಲ ಮುಂದೆ ಮೂರು ಮೆಟ್ಟಿಲೂ ಇದೆ.

ನಮ್ಮ ಊರಿನಿಂದಲೇ ನೋಡೋಣ. ಸಾಸಲು ಹೋಬಳಿಯ ಕೊನೇ ಹಳ್ಳಿಯಲ್ಲಿ ಕಾಲಿನ ಶಕ್ತಿ ಇಲ್ಲದ ಒಬ್ಬ ಹುಡುಗಿ ಇದ್ದಾಳೆ ಅಂತ ಇಟ್ಕೊಳ್ಳಿ. ಸರ್ಕಾರಿ ಬಸ್ಸಿನಲ್ಲಿ ಅಂಗವಿಕಲರ ರಿಯಾಯಿತಿ ಪಾಸಿದೆ, ಮನೆಯಿಂದ 100 ಕಿಲೋಮೀಟರ್ ಓಡಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆಲ್ಲ ಟಿಕೆಟ್ಟಿಲ್ಲ. ಆದರೆ ನಮ್ಮ ಹಳ್ಳಿ ಕಡೆ ಬರೋ ಬಸ್ಸಿನ ಮೊದಲನೇ ಮೆಟ್ಟಿಲೇ ಮೊಣಕಾಲೆತ್ತರ. ಟಿಕೆಟ್ಟು ಬೇಡ, ಪಾಸು ಇದೆ, ಹತ್ತೋಕಾಗಲ್ಲ. ಅವಳನ್ನ ಅಣ್ಣನೋ ಅಪ್ಪನೋ ಎತ್ತಿ ಹತ್ತಿಸಬೇಕು. ಅವರು ಅವತ್ತು ಕೂಲಿ ಬಿಡಬೇಕು. ಹಾಗಾಗಿ ಈ ಬಿಟ್ಟಿ ಪ್ರಯಾಣದ ಬೆಲೆ ಒಂದು ದಿನದ ಕೂಲಿ. ಜಿಲ್ಲಾ ಕಚೇರಿಯ ಕೆಲಸ ಅಂದ್ರೆ ದೊಡ್ಡಬಳ್ಳಾಪುರಕ್ಕೆ ಬಂದು, ಬಸ್ಸು ಬದಲಾಯಿಸಿ, ದೇವನಹಳ್ಳಿ ತಾಲೂಕಿನ ಬೀರಸಂದ್ರದ ಹತ್ತಿರಕ್ಕೆ ಹೋಗಬೇಕು. ಎರಡು ಸಲ ಹತ್ತಬೇಕು, ಎರಡು ಸಲ ಇಳೀಬೇಕು, ಬರುವಾಗ ಇನ್ನೊಮ್ಮೆ ಎಲ್ಲ.

ಅದೇ ದೇವನಹಳ್ಳಿ ತಾಲೂಕಿನಲ್ಲಿ 2008ರಿಂದ ವಿಮಾನ ನಿಲ್ದಾಣ ಇದೆ. ಅಲ್ಲಿಗೆ ಬರೋ ಪ್ರಯಾಣಿಕನಿಗೆ ಕಾಲು ನಡೆಯದಿದ್ದರೆ ವೀಲ್‌ಚೇರ್ ತರ್ತಾರೆ, ತಳ್ಳೋಕೆ ಆಳು ಕೊಡ್ತಾರೆ, ಲಿಫ್ಟು ಇದೆ, ಎಲ್ಲೂ ಹೊಸ್ತಿಲು ತಗಲಲ್ಲ. ನಾವು ಅದನ್ನ ಬೇಡ ಅನ್ನೋದಿಲ್ಲ, ಅದು ಆಗಬೇಕಾದ್ದೇ. ಕೇಳೋದಿಷ್ಟೇ: ಮನುಷ್ಯನನ್ನ ಮಾನವಾಗಿ ವಿಮಾನ ಹತ್ತಿಸೋ ವಿದ್ಯೆ ಈ ದೇಶಕ್ಕೆ ಗೊತ್ತಿದೆ ಅಂದ ಮೇಲೆ, ಒಂದು ಗಂಟೆ ದಾರಿಯೂ ಇಲ್ಲದ ನಮ್ಮ ಬಸ್ ಸ್ಟ್ಯಾಂಡಿಗೆ ಆ ವಿದ್ಯೆ ಯಾಕೆ ಬರಲಿಲ್ಲ? ಹಳ್ಳಿ ಬಸ್ಸಿಗೆ ಕಾಯೋರು ಯಾರು, ವಿಮಾನಕ್ಕೆ ಕಾಯೋರು ಯಾರು ಅಂತ ನೋಡಿದರೆ ಉತ್ತರ ಸಿಗುತ್ತೆ. ಇದನ್ನೇ ನಾವು ಅಂಗವಿಕಲರೊಳಗಿನ ಅಸಮಾನತೆ ಅನ್ನೋದು. ಕಾಲಿನ ನೋವು ಒಂದೇ ಇರಬಹುದು. ಜಾತಿ, ವರ್ಗ, ಊರು ಬೇರೆಯಾದ ಕೂಡಲೇ ಬದುಕು ಬೇರೆಯಾಗುತ್ತೆ.

ಲೆಕ್ಕ ಬೇಕು ಅನ್ನೋರಿಗೆ ಲೆಕ್ಕವೂ ಇದೆ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ಅಂಗವಿಕಲರು ಸಿಕ್ಕಿದರು. ನೂರಕ್ಕೆ 69 ಜನ ಹಳ್ಳಿಯವರು. ಕರ್ನಾಟಕದಲ್ಲಿ 13.24 ಲಕ್ಷ. ಪರಿಶಿಷ್ಟ ಜಾತಿಗಳಲ್ಲಿ ಅಂಗವಿಕಲರ ಪ್ರಮಾಣ ಶೇ. 2.45, ಎಸ್‌ಸಿ, ಎಸ್‌ಟಿ ಬಿಟ್ಟು ಉಳಿದವರಲ್ಲಿ ಶೇ. 2.18. 'ಅಷ್ಟೇನಾ ವ್ಯತ್ಯಾಸ' ಅನ್ನಬೇಡಿ. ಅವತ್ತು ಪರಿಶಿಷ್ಟ ಜಾತಿಯವರು 20 ಕೋಟಿ ಇದ್ದರು. ಅಷ್ಟು ಜನರಲ್ಲಿ ಆ ಸಣ್ಣ ವ್ಯತ್ಯಾಸ ಅಂದ್ರೆ ಐದು ಲಕ್ಷಕ್ಕೂ ಹೆಚ್ಚು ಮಂದಿ. ಉಳಿದವರ ಹಾಗೇ ನಮ್ಮವರೂ ಉಂಡು, ನಮ್ಮ ತಾಯಂದಿರಿಗೂ ಹೆರಿಗೆಗೆ ಆಸ್ಪತ್ರೆ ಸಿಕ್ಕಿ, ನಮ್ಮವರೂ ಅಪಾಯವಿಲ್ಲದ ಕೆಲಸ ಮಾಡಿದ್ದರೆ ಈ ಐದು ಲಕ್ಷದಲ್ಲಿ ಎಷ್ಟು ಜನ ನೆಟ್ಟಗಿರ್ತಿದ್ದರು? ಯೋಚನೆ ಮಾಡಿ.

ಅಂಗವಿಕಲತೆ ಹುಟ್ಟಿನಿಂದಲೇ ಬರಬೇಕು ಅಂತೇನಿಲ್ಲ. ಕೆಲಸವೂ ಅದನ್ನ ಕೊಡುತ್ತೆ. ದೊಡ್ಡಬಳ್ಳಾಪುರ ಮಗ್ಗದ ಊರು. ಪವರ್‌ಲೂಮ್ ಇರೋ ಬೀದಿಯಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಜನ ಮನೆಗೆ ಬಂದ ಮೇಲೂ ಗಟ್ಟಿಯಾಗೇ ಮಾತಾಡ್ತಾರೆ. ಅದು ಜಗಳ ಅಲ್ಲ, ಕಿವಿ ಹೋಗಿರುತ್ತೆ. ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಶಬ್ದ ಮಿತಿ ಅಂತ ನಿಯಮ ಇಟ್ಟಿದ್ದರು. ಲಾಳಿ ಬಡಿಯೋ ಪವರ್‌ಲೂಮ್ ಶೆಡ್ಡುಗಳಲ್ಲಿ ಶಬ್ದ ಆ ಮಿತಿ ದಾಟುತ್ತೆ ಅನ್ನೋದನ್ನ ದೇಶದ ಬೇರೆ ಬೇರೆ ಕಡೆ ಅಳೆದು ನೋಡಿದ್ದಾರೆ. ಇಂಥ ಕಿವುಡು ಮೆಲ್ಲಗೆ ಬರುತ್ತೆ. ಮೊದಲು ಸಣ್ಣ ದನಿ ಹೋಗುತ್ತೆ, ಆಮೇಲೆ ಮಕ್ಕಳ ಮಾತು ಹೋಗುತ್ತೆ. ಹೋದ ಕಿವಿ ಮತ್ತೆ ಬರಲ್ಲ. ಶಬ್ದದಿಂದ ಬರೋ ಕಿವುಡುತನವನ್ನ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕೆಲಸದಿಂದ ಬರೋ ಕಾಯಿಲೆ ಅಂತ ಸೇರಿಸಿದ್ದರು. ಆದರೆ ಮನೆಯಲ್ಲೇ ನಾಲ್ಕು ಮಗ್ಗ ಹಾಕಿಕೊಂಡ ಕಡೆ ಹಾಜರಿ ಪುಸ್ತಕವೇ ಇರಲ್ಲ. 1948ರ ಕಾರ್ಖಾನೆ ಕಾಯ್ದೆ ಕರೆಂಟಿನ ಕೆಲಸಕ್ಕೆ 10 ಜನ ಇದ್ದರೆ ಮಾತ್ರ ಲಾಗೂ ಆಗ್ತಿತ್ತು. ನಾಲ್ಕು ಮಗ್ಗದ ಮನೆಗೆ ಯಾವ ಇನ್‌ಸ್ಪೆಕ್ಟರೂ ಬರಲಿಲ್ಲ. ಅಲ್ಲಿ ಕಿವಿ ಕಳಕೊಂಡವನನ್ನ ಸಮಾಜ 'ಕೆಪ್ಪ' ಅಂತ ಕರೀತು, 'ಕೆಲಸಗಾರ' ಅಂತ ಕರೀಲಿಲ್ಲ.

ಕರೆಯೋ ಹೆಸರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡೋಣ. ನಮ್ಮ ಜಾತಿ ಹೆಸರುಗಳನ್ನ ಬೈಗುಳ ಮಾಡಿದ ಬಾಯಿಗಳೇ ಕುಂಟ, ಕುರುಡ, ಮೂಗ ಅನ್ನೋದನ್ನೂ ಬೈಗುಳ ಮಾಡಿದವು. ಬೈಗುಳ ಚೆನ್ನಾಗಿಲ್ಲ ಅಂತ ಆಮೇಲೆ ದೇವರ ಹೆಸರು ಹಚ್ಚಿದರು. ನಮ್ಮನ್ನ 'ಹರಿಜನ' ಅಂದರು. ಹರಿಯ ಜನ ಅಂದರೇ ಹೊರತು ಹರಿಯ ಗುಡಿಯೊಳಕ್ಕೆ ಬಿಡಲಿಲ್ಲ. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಯವರು ರೇಡಿಯೋದಲ್ಲಿ ಅಂಗವಿಕಲರನ್ನ 'ದಿವ್ಯಾಂಗ' ಅಂತ ಕರೆಯೋಣ ಅಂದರು. ದಿವ್ಯವಾದ ಅಂಗ! ಅಂಗವಿಕಲರ ಎಷ್ಟೋ ಸಂಘಟನೆಗಳು ಆ ಹೆಸರು ಬೇಡ ಅಂದವು: ನಮಗೆ ದಿವ್ಯತೆ ಬೇಡ, ರ್ಯಾಂಪು ಕೊಡಿ ಅಂತ. ಈ ಮಾತು ನಮಗೆ ತಕ್ಷಣ ಅರ್ಥ ಆಗುತ್ತೆ. ಯಾರನ್ನ ಏನಂತ ಕರೀಬೇಕು ಅನ್ನೋದನ್ನ ಅವರನ್ನೇ ಕೇಳಬೇಕು.

ಈಗ ಸಾಧನಗಳ ವಿಷಯಕ್ಕೆ ಬರೋಣ. ಊರುಗೋಲು, ಮೂರು ಗಾಲಿ ಸೈಕಲ್ಲು, ಕಿವಿಗೆ ಹಾಕೋ ಯಂತ್ರ, ಬಿಳಿ ಕೋಲು, ಕೃತಕ ಕಾಲು, ಮಾತಾಡೋ ಫೋನು. ಇವೆಲ್ಲ ಸೇರಿ ಸಹಾಯಕ ಸಾಧನಗಳು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ವರದಿ ಕೊಟ್ಟವು. ಜಗತ್ತಿನಲ್ಲಿ 250 ಕೋಟಿ ಜನರಿಗೆ ಒಂದಲ್ಲ ಒಂದು ಸಾಧನ ಬೇಕು. ಸುಮಾರು 100 ಕೋಟಿ ಜನರಿಗೆ ಅದು ಸಿಕ್ಕಿಲ್ಲ. ಶ್ರೀಮಂತ ದೇಶದಲ್ಲಿ ಬೇಕಾದ ನೂರು ಜನರಲ್ಲಿ 90 ಜನಕ್ಕೆ ಸಿಗುತ್ತೆ, ಬಡ ದೇಶದಲ್ಲಿ 3 ಜನಕ್ಕೆ. ಇಲ್ಲಿ ಕನ್ನಡಕವೂ ಲೆಕ್ಕಕ್ಕೆ ಸೇರಿದೆ. ಕನ್ನಡಕ ಹಾಕಿದವನನ್ನ ಯಾರೂ ಅಂಗವಿಕಲ ಅನ್ನಲ್ಲ, ಗಮನಿಸಿದ್ದೀರಾ? ಸಾಧನ ಸುಲಭವಾಗಿ ಸಿಕ್ಕಿದ್ದಕ್ಕೆ ಆ ಕೊರತೆ ಕೊರತೆ ಅನ್ನಿಸೋದೇ ನಿಂತುಹೋಯ್ತು.

ನಮ್ಮ ದೇಶದಲ್ಲಿ ಕಾನ್ಪುರದಲ್ಲಿ 1972ರಲ್ಲಿ ಸರ್ಕಾರವೇ ಅಲಿಂಕೋ ಅನ್ನೋ ಕಾರ್ಖಾನೆ ಮಾಡಿತು. 1981ರಿಂದ ಬಡ ಅಂಗವಿಕಲರಿಗೆ ಸಾಧನ ಕೊಡೋ ಅಡಿಪ್ ಯೋಜನೆ ಇದೆ. ಇವು ಬೇಕಾದ ಕೆಲಸಗಳೇ. ಆದರೆ ಸಾಧನ ನಮ್ಮ ಹಳ್ಳಿಗೆ ಬರೋದು ಹೇಗೆ? ಶಿಬಿರ ಮಾಡ್ತಾರೆ. ಶಾಮಿಯಾನ ಹಾಕ್ತಾರೆ. ಸಾಲಾಗಿ ಸೈಕಲ್ಲು ನಿಲ್ಲಿಸ್ತಾರೆ. ಫಲಾನುಭವಿ ಬೆಳಗ್ಗೆಯಿಂದ ಬಿಸಿಲಲ್ಲಿ ಕೂತಿರಬೇಕು, ಗಣ್ಯರು ಮಧ್ಯಾಹ್ನ ಬರ್ತಾರೆ. ಫೋಟೋ ಆಗುತ್ತೆ. ಹಾರ ಗಣ್ಯರಿಗೆ, ಸೈಕಲ್ಲು ಇವನಿಗೆ. ಆ ವೇದಿಕೆಗೂ ಮೂರು ಮೆಟ್ಟಿಲಿರುತ್ತೆ, ಅದಕ್ಕೇ ಇವನನ್ನ ಕೆಳಗೇ ಕೂರಿಸಿ ಫೋಟೋ ತೆಗೀತಾರೆ. ಆರು ತಿಂಗಳಿಗೆ ಟೈರು ಹೋಗುತ್ತೆ, ಚೈನು ಕಳಚುತ್ತೆ. ಕೊಟ್ಟವರ ವಿಳಾಸ ಸಿಗಲ್ಲ. ಊರಿನ ಸೈಕಲ್ ಶಾಪಿನವನು 'ಇದರ ಪಾರ್ಟು ಇಲ್ಲಿ ಸಿಗಲ್ಲ ಕಣಪ್ಪ' ಅಂತಾನೆ. ಮೂರು ಗಾಲಿಯ ಸೈಕಲ್ಲು ಹಿತ್ತಲಿಗೆ ಸೇರಿ ಕೋಳಿ ಕೂರೋ ಜಾಗ ಆಗುತ್ತೆ. ಕಿವಿಯ ಯಂತ್ರವೂ ಹೀಗೇ. ಅದಕ್ಕೆ ಬ್ಯಾಟರಿ ಹಾಕ್ತಾ ಇರಬೇಕು, ಕಿವಿಯ ಅಚ್ಚು ತೆಗೆದು ಕೂರಿಸಬೇಕು, ಕೇಳೋದನ್ನ ಅಭ್ಯಾಸ ಮಾಡಿಸಬೇಕು. ಬರೀ ಡಬ್ಬ ಕೊಟ್ಟರೆ ಅದು ಗೂಡಿನಲ್ಲೇ ಉಳಿಯುತ್ತೆ. ಹಕ್ಕು ಅಂತ ಕೊಟ್ಟಿದ್ದರೆ ರಿಪೇರಿಗೂ ಜವಾಬ್ದಾರಿ ಇರ್ತಿತ್ತು. ದಾನಕ್ಕೆ ರಿಪೇರಿ ಇಲ್ಲ.

ಇನ್ನೊಂದು ವಿಷಯ. 2017ರಲ್ಲಿ ಜಿಎಸ್‌ಟಿ ಬಂದಾಗ ವೀಲ್‌ಚೇರಿಗೂ, ಬ್ರೈಲ್ ಕಾಗದಕ್ಕೂ ಶೇ. 5 ತೆರಿಗೆ ಹಾಕಿದರು. ಅಂಗವಿಕಲರು ಬೀದಿಗಿಳಿದು ಕೇಳಿದರು: ನಡೆಯೋಕೆ ತೆರಿಗೆಯಾ, ಓದೋಕೆ ತೆರಿಗೆಯಾ ಅಂತ. ಕಾಲಿರೋನು ತನ್ನ ಕಾಲಿಗೆ ತೆರಿಗೆ ಕಟ್ಟಲ್ಲ.

ಸಾಧನವನ್ನ ಯಾರ ಬದುಕು ನೋಡಿ ಮಾಡ್ತಾರೆ ಅನ್ನೋದೂ ಮುಖ್ಯ. ಜೈಪುರ ಕಾಲಿನ ಕತೆ ನೀವು ತಿಳಿದಿರಬೇಕು. 1960ರ ದಶಕದಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಸಿಗ್ತಿದ್ದ ಕೃತಕ ಕಾಲು ವಿಲಾಯಿತಿ ಮಾದರಿಯದ್ದು. ಅದಕ್ಕೆ ಬೂಟು ಹಾಕಬೇಕು, ಕುರ್ಚಿಯಲ್ಲಿ ಕೂರಬೇಕು. ನಮ್ಮ ರೈತ, ಕೂಲಿಕಾರ ಬರಿಗಾಲಲ್ಲಿ ಕೆಸರಿಗಿಳಿಯೋನು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋನು, ಕುಕ್ಕರಗಾಲಲ್ಲಿ ಕೂರೋನು. ಅವನಿಗೆ ಆ ಕಾಲು ಬರಲಿಲ್ಲ, ಎಷ್ಟೋ ಜನ ಬಿಸಾಕಿದರು. 1968ರ ಹೊತ್ತಿಗೆ ಜೈಪುರದ ಎಸ್‌ಎಂಎಸ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಅನ್ನೋ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದರು. ಅದಕ್ಕೆ ಬೂಟು ಬೇಡ. ಕೆಸರಿಗಿಳಿಯಬಹುದು, ಕೂರಬಹುದು, ಮರ ಹತ್ತಬಹುದು. ರಾಮಚಂದ್ರ ಶರ್ಮ ಹೆಚ್ಚು ಓದಿದವರಲ್ಲ, ಕೈಯಲ್ಲಿ ವಿದ್ಯೆ ಇದ್ದವರು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಡಾಕ್ಟರಿಗೆ ಬಂತು. ಡಾಕ್ಟರು ದೊಡ್ಡವರೇ, ಸಂಶಯವಿಲ್ಲ. ಆದರೆ ಕೈಯಲ್ಲಿ ಕಾಲು ಮಾಡಿದವನ ಹೆಸರು ಇವತ್ತಿಗೂ ಬಹಳ ಜನಕ್ಕೆ ಗೊತ್ತಿಲ್ಲ. ಚಪ್ಪಲಿ ಹೊಲಿದು, ಮಡಕೆ ಮಾಡಿ, ಮಗ್ಗ ನಡೆಸಿ ಬದುಕಿದ ಜನ ನಾವು. ಕೈಯ ವಿದ್ಯೆಯನ್ನ ವಿದ್ಯೆ ಅಂತ ಒಪ್ಪದ ದೇಶದಲ್ಲಿ ಬಡವನಿಗೆ ಹೊಂದೋ ಸಾಧನ ಹುಟ್ಟೋದು ಕಷ್ಟ. ನಿಮ್ಮಲ್ಲಿ ಐಟಿಐ, ಡಿಪ್ಲೊಮಾ ಓದೋರು ಇದನ್ನ ಮನಸ್ಸಿಗೆ ತಗೊಳ್ಳಿ.

ಈಗಿನ ಕಾಲ ಕಂಪ್ಯೂಟರಿನದ್ದು. ಇಲ್ಲಿಯ ಮೆಟ್ಟಿಲು ಕಣ್ಣಿಗೆ ಕಾಣಲ್ಲ. ಕಣ್ಣಿಲ್ಲದವರು ಕಂಪ್ಯೂಟರ್ ಉಪಯೋಗಿಸೋದು ತೆರೆಯ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ತಂತ್ರಾಂಶದಿಂದ. ದುಡ್ಡು ಕೊಟ್ಟು ಕೊಳ್ಳೋ ತಂತ್ರಾಂಶಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಜೇಮ್ಸ್ ಟೆಹ್ ಅನ್ನೋ ಇಬ್ಬರು ಕಣ್ಣಿಲ್ಲದ ಯುವಕರು 'ಕಣ್ಣಿರೋನು ಕಂಪ್ಯೂಟರ್ ನೋಡೋಕೆ ಬೇರೆ ದುಡ್ಡು ಕೊಡಲ್ಲ, ನಾವ್ಯಾಕೆ ಕೊಡಬೇಕು' ಅನ್ನೋ ವಿಚಾರದಿಂದ ಎನ್‌ವಿಡಿಎ ಅನ್ನೋ ತಂತ್ರಾಂಶ ಶುರು ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. ಅದು ಕನ್ನಡವನ್ನೂ ಓದುತ್ತೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಅನ್ನೋ ಓದೋ ವ್ಯವಸ್ಥೆ ಬಿಟ್ಟಿಯಾಗಿ ಸಿಗುತ್ತೆ.

ಹಾಗಾದರೆ ಸಮಸ್ಯೆ ಮುಗೀತಾ? ಇಲ್ಲ. ನಮ್ಮ ಸುತ್ತೋಲೆ, ನೋಟ್ಸು, ಪ್ರಶ್ನೆಪತ್ರಿಕೆಗಳಲ್ಲಿ ಎಷ್ಟೋ ಈಗಲೂ ನುಡಿ, ಬರಹದ ಹಳೇ ಫಾಂಟುಗಳಲ್ಲಿವೆ. ಅದು ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಓದೋ ತಂತ್ರಾಂಶ ಅದನ್ನ ಅರ್ಥವಿಲ್ಲದ ಗೊಣಗಾಟ ಮಾಡಿ ಓದುತ್ತೆ. ಅದೇ ಮಾತನ್ನ ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಶುದ್ಧ ಕನ್ನಡದಲ್ಲಿ ಓದುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಟೈಪ್ ಮಾಡೋನು ಫಾಂಟು ಬದಲಾಯಿಸಿದರೆ ಸಾಕು. ಇನ್ನು ಕಾಗದವನ್ನ ಫೋಟೋ ಹೊಡೆದು ವಾಟ್ಸಾಪಿಗೆ ಹಾಕ್ತಾರಲ್ಲ, ಅದರಿಂದ ಅಕ್ಷರ ಚಿತ್ರ ಆಗಿಬಿಡುತ್ತೆ. ಚಿತ್ರವನ್ನ ಆ ತಂತ್ರಾಂಶ ಅಕ್ಷರದ ಹಾಗೆ ಓದಲಾರದು. ಸ್ಕಾಲರ್‌ಶಿಪ್ಪಿನ ಕೊನೇ ದಿನಾಂಕ ಆ ಚಿತ್ರದೊಳಗೇ ಉಳಿದುಹೋಗುತ್ತೆ. ಇಂಗ್ಲಿಷ್ ಓದೋ ಪೇಟೆಯ ಹುಡುಗನಿಗೆ ಈ ಕಷ್ಟ ಕಡಿಮೆ. ಕನ್ನಡದಲ್ಲಿ ಓದೋ ನಮ್ಮ ಕೇರಿಯ ಹುಡುಗನಿಗೆ ಹೆಚ್ಚು.

ಬ್ಯಾಂಕು, ಸಿಮ್ಮು, ಅರ್ಜಿ ಎಲ್ಲ ಫೋನಿಗೆ ಬಂದಿವೆ. ಕ್ಯಾಮರಾ ಮುಂದೆ ಕಣ್ಣು ಮಿಟುಕಿಸು ಅನ್ನುತ್ತೆ ಫೋನು. ಆ್ಯಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟುಹೋದ ಹೆಣ್ಣುಮಗಳು ಹೇಗೆ ಮಿಟುಕಿಸಬೇಕು? ಅಂಥವರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಕೋರ್ಟು ಹೇಳಿತು: ಡಿಜಿಟಲ್ ಸೇವೆ ಎಲ್ಲರಿಗೂ ಎಟುಕಬೇಕು, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ.

ಕಾಯ್ದೆಯ ಮಾತಿಗೆ ಬರೋಣ. ವಿದ್ಯಾರ್ಥಿಗಳು ಇದನ್ನ ಬರೆದುಕೊಳ್ಳಿ. ಮೊದಲು 1995ರ ಕಾಯ್ದೆ ಇತ್ತು. ಅದು 7 ಬಗೆಯ ಅಂಗವಿಕಲತೆಯನ್ನ ಒಪ್ಪಿತ್ತು, ನೌಕರಿಯಲ್ಲಿ ಶೇ. 3 ಕೊಟ್ಟಿತ್ತು. ಈಗ ಇರೋದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಇದು 21 ಬಗೆಯನ್ನ ಒಪ್ಪುತ್ತೆ. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವಿಕಲತೆ ಇದ್ದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಮೀಸಲು. ಇದು ಸಮತಲ ಮೀಸಲಾತಿ. ಎಸ್‌ಸಿ ಅಭ್ಯರ್ಥಿ ಅಂಗವಿಕಲ ಮೀಸಲಿನಲ್ಲಿ ಆಯ್ಕೆಯಾದರೆ ಅವನನ್ನ ಎಸ್‌ಸಿ ಸಾಲಿನಲ್ಲೇ ಲೆಕ್ಕ ಹಿಡೀತಾರೆ. 1992ರ ಇಂದ್ರಾ ಸಾಹ್ನಿ ತೀರ್ಪು ಇದನ್ನ ಬಿಡಿಸಿ ಹೇಳಿದೆ. ಆದರೆ ಸೌಲಭ್ಯ ಸಿಗಬೇಕಾದರೆ ನಮ್ಮ ಹುಡುಗ ಎರಡು ಸಾಲಿನಲ್ಲಿ ನಿಲ್ಲಬೇಕು: ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿಯಲ್ಲಿ, ಅಂಗವಿಕಲತೆಯ ಯುಡಿಐಡಿ ಕಾರ್ಡಿಗೆ ಆಸ್ಪತ್ರೆಯಲ್ಲಿ. ನಿಲ್ಲೋಕೆ ಕಾಲಿಲ್ಲದವನಿಗೇ ಎರಡು ಸಾಲು!

ಈ ಕಾಯ್ದೆಯ 92ನೇ ಸೆಕ್ಷನ್ ಓದಿದರೆ ನಿಮಗೆ ಹಳೇ ಪರಿಚಯದವರನ್ನ ಕಂಡ ಹಾಗಾಗುತ್ತೆ. ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಅವಮಾನ ಮಾಡಬೇಕು ಅಂತಲೇ ಅಂಗವಿಕಲರನ್ನ ಹೀಯಾಳಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. 1989ರ ನಮ್ಮ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇರೋದು ಹೆಚ್ಚು ಕಡಿಮೆ ಇದೇ ಮಾತು, ಇದೇ ಶಿಕ್ಷೆ. ಎರಡು ಅವಮಾನಗಳನ್ನೂ ಕಾನೂನು ಒಂದೇ ಕಣ್ಣಲ್ಲಿ ನೋಡಿದೆ. 2021ರ ಏಪ್ರಿಲ್‌ನಲ್ಲಿ ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದದ್ದು ಕಣ್ಣಿಲ್ಲದ ಒಬ್ಬ ದಲಿತ ಹೆಣ್ಣುಮಗಳ ಮೇಲಿನ ಅತ್ಯಾಚಾರ. ಜಾತಿ, ಹೆಣ್ಣು, ಅಂಗವಿಕಲತೆ ಇವನ್ನ ಬೇರೆ ಬೇರೆ ಮಾಡಿ ನೋಡಿದರೆ ಅನ್ಯಾಯ ಪೂರ್ತಿ ಕಾಣಲ್ಲ, ಮೂರೂ ಒಂದರೊಳಗೊಂದು ಹೆಣೆದುಕೊಂಡು ಒಬ್ಬಳ ಮೇಲೆ ಬೀಳುತ್ತವೆ ಅಂತ ಕೋರ್ಟು ಹೇಳಿತು. ಅಷ್ಟು ಹೇಳಿದ ಮೇಲೂ ಅಪರಾಧ ನಡೆದದ್ದು ಜಾತಿಯ ಕಾರಣಕ್ಕೇ ಅನ್ನೋದಕ್ಕೆ ಸಾಕ್ಷ್ಯ ಸಾಲದು ಅಂತ ನಮ್ಮ ದೌರ್ಜನ್ಯ ಕಾಯ್ದೆಯ ಶಿಕ್ಷೆ ನಿಲ್ಲಲಿಲ್ಲ, ಅತ್ಯಾಚಾರದ ಶಿಕ್ಷೆ ನಿಂತಿತು. ಹೆಣೆದುಕೊಂಡ ಅನ್ಯಾಯವನ್ನ ಸಾಬೀತು ಮಾಡೋದು ಎಷ್ಟು ಕಷ್ಟ ನೋಡಿ.

ಪರೀಕ್ಷೆ ಬರೆಯೋರಿಗೆ ಇನ್ನೊಂದು ತೀರ್ಪು. ಕೈ ಸೆಳೆತದಿಂದ ಬರೆಯೋಕಾಗದ ಒಬ್ಬ ಅಭ್ಯರ್ಥಿಗೆ ಬರೆಯೋ ಸಹಾಯಕನನ್ನ ಕೊಡಲ್ಲ ಅಂದಿದ್ದರು, ಶೇ. 40 ಇಲ್ಲ ಅನ್ನೋ ಕಾರಣಕ್ಕೆ. 2021ರ ಫೆಬ್ರವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 'ಕೊಡಬೇಕು' ಅಂದಿತು. ಶೇ. 40ರ ಲೆಕ್ಕ ಮೀಸಲಾತಿಗೆ, ಬರೆಯೋ ಸಹಾಯಕ್ಕೆ ಅದನ್ನ ಅಡ್ಡ ಹಿಡಿಯೋ ಹಾಗಿಲ್ಲ.

ಇನ್ನು ಮೆಟ್ಟಿಲಿನ ವಿಷಯ. ಹಳೇ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಎಲ್ಲರೂ ಹೋಗೋ ಹಾಗೆ ಮಾಡಿ ಅಂತ ಈ ಕಾಯ್ದೆ ಹೇಳಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಐದು ವರ್ಷ 2022ಕ್ಕೇ ಮುಗೀತು. ಸಾಲದ್ದಕ್ಕೆ, ಆ ನಿಯಮಗಳಲ್ಲಿ 15ನೆಯದು 'ಹೀಗೆ ಮಾಡಿದರೆ ಒಳ್ಳೆಯದು' ಅನ್ನೋ ಧಾಟಿಯ ಮಾರ್ಗಸೂಚಿಗಳ ಪಟ್ಟಿ ಆಗಿತ್ತು. ರಾಜೀವ್ ರತೂರಿ ಅನ್ನೋ ಕಣ್ಣಿಲ್ಲದವರು ಹೂಡಿದ ಕೇಸಿನಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಹೇಳಿತು: ಕಾಯ್ದೆ 'ಮಾಡಲೇಬೇಕು' ಅನ್ನುವಾಗ ನಿಯಮ 'ಮಾಡಬಹುದು' ಅನ್ನೋ ಹಾಗಿಲ್ಲ, ಇದು ಕಾಯ್ದೆಗೆ ವಿರುದ್ಧ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ. ಮಹಾಡ ಪುರಸಭೆಯ ಠರಾವು ಮತ್ತೆ ನೆನಪಾಗುತ್ತಲ್ಲವೇ?

'ದುಡ್ಡಿಲ್ಲ' ಅಂತಾರೆ. ಕಟ್ಟೋವಾಗಲೇ ರ್ಯಾಂಪು ಸೇರಿಸಿದರೆ ಖರ್ಚು ಅಲ್ಪ. ಕಟ್ಟಿ, ಒಡೆದು, ಮತ್ತೆ ಕಟ್ಟೋದೇ ದುಬಾರಿ. 'ಒಬ್ಬಿಬ್ಬರಿಗೋಸ್ಕರ ಯಾಕೆ' ಅಂತಾರೆ. ಒಳಗೆ ಬರೋಕಾಗದ ಕಡೆ ಅವರು ಕಾಣೋದಾದರೂ ಹೇಗೆ? ಶಾಲೆಗೆ ಅಸ್ಪೃಶ್ಯರ ಮಕ್ಕಳೇ ಬರಲ್ಲ ಅಂತ ಒಂದು ಕಾಲದಲ್ಲಿ ಮೇಷ್ಟ್ರುಗಳು ಹೇಳ್ತಿದ್ದರು, ಬಾಗಿಲಲ್ಲಿ ತಾವೇ ನಿಂತುಕೊಂಡು! ಆಮೇಲೆ ರ್ಯಾಂಪು ಬರೀ ಗಾಲಿಕುರ್ಚಿಗಲ್ಲ. ಬಸುರಿ ಹೆಂಗಸು ಹತ್ತುತ್ತಾಳೆ, ಮುದುಕಪ್ಪ ಹತ್ತುತ್ತಾನೆ, ಅಕ್ಕಿ ಮೂಟೆ ಹೊತ್ತವನು ಹತ್ತುತ್ತಾನೆ.

ಮಾತು ಸಾಕು, ಕೆಲಸ ಹೇಳ್ತೇವೆ.

ಒಂದು. ಪ್ರತಿ ಹಾಸ್ಟೆಲಿನಿಂದ ಇಬ್ಬರು ಒಂದು ಅಳತೆ ಟೇಪು ತಗೊಳ್ಳಿ. ಸಮಾಜ ಕಲ್ಯಾಣ ಇಲಾಖೆಯ ನಿಮ್ಮ ಹಾಸ್ಟೆಲಿನಿಂದಲೇ ಶುರು ಮಾಡಿ. ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ರ್ಯಾಂಪು 12 ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ಅದು ರ್ಯಾಂಪಲ್ಲ, ಜಾರುಬಂಡೆ. ಬಾಗಿಲು 90 ಸೆಂಟಿಮೀಟರ್ ಅಗಲ ಇರಬೇಕು. ಕಕ್ಕಸಿನಲ್ಲಿ ಹಿಡಿದು ಏಳೋಕೆ ಕಂಬಿ ಇದೆಯಾ, ಗಾಲಿಕುರ್ಚಿ ಒಳಗೆ ತಿರುಗುತ್ತಾ, ಊಟದ ಮನೆಗೆ ಮೆಟ್ಟಿಲಿದೆಯಾ, ಕೆಳಗಿನ ಕೋಣೆ ಯಾರಿಗೆ ಕೊಟ್ಟಿದ್ದಾರೆ, ಬರೆದುಕೊಳ್ಳಿ. ಆಮೇಲೆ ಕಾಲೇಜು, ಗ್ರಂಥಾಲಯ, ಪಂಚಾಯಿತಿ ಕಚೇರಿ, ಬಸ್ ಸ್ಟ್ಯಾಂಡು. ಅಂಗವಿಕಲ ಗೆಳೆಯರನ್ನ ಜೊತೆಗೆ ಕರಕೊಂಡು ಹೋಗಿ. ಯಾವುದು ತೊಡಕು ಅಂತ ಅವರು ಹೇಳಲಿ, ನೀವು ಅಳೀರಿ.

ಎರಡು. ಆ ಪಟ್ಟಿ ಇಟ್ಟುಕೊಂಡು ಅರ್ಜಿ ಕೊಡಿ. ಗ್ರಾಮ ಪಂಚಾಯಿತಿ ಅಂಗವಿಕಲರಿಗೆ ಅಂತ ತೆಗೆದಿಡಬೇಕಾದ ಹಣ ಇದೆ. ಎಷ್ಟು ಇಟ್ಟರು, ಯಾವುದಕ್ಕೆ ಖರ್ಚು ಮಾಡಿದರು ಅಂತ 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಲ್ಲಿ ಬಹಳ ಜನ ತಾವೇ ಅಂಗವಿಕಲರು, ಗೌರವಧನದ ಮೇಲೆ ದುಡಿಯೋರು. ಅವರ ಜೊತೆ ಸೇರಿ ಕೆಲಸ ಮಾಡಿ. ಕೆಳಗೆ ಕೇಳದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ಕಾಯ್ದೆಯ ರಾಜ್ಯ ಆಯುಕ್ತರಿದ್ದಾರೆ, ಅವರಿಗೆ ದೂರು ಕೊಡಿ.

ಮೂರು. ಓದಿ ಹೇಳಿ. ಕಣ್ಣಿಲ್ಲದ ವಿದ್ಯಾರ್ಥಿಗೆ ಪಠ್ಯಪುಸ್ತಕ ಓದಿ ಫೋನಿನಲ್ಲಿ ದನಿ ಮುದ್ರಿಸಿ ಕೊಡೋದು ಕಾನೂನಿಗೆ ವಿರುದ್ಧ ಅಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿ ಇದಕ್ಕೆ ಅವಕಾಶ ಕೊಟ್ಟಿದ್ದಾರೆ. ನಿಮ್ಮ ಸಂಘದ ಕರಪತ್ರ, ವರದಿ ಎಲ್ಲ ಯೂನಿಕೋಡಿನಲ್ಲೇ ಟೈಪ್ ಮಾಡಿ.

ನಾಲ್ಕು. ನಮ್ಮ ಸಭೆಗಳನ್ನ ನೆಲಮಟ್ಟದ ಜಾಗದಲ್ಲೇ ಮಾಡೋಣ. ಈ ಗೆಳೆಯರು ಸಭಿಕರ ಸಾಲಿನಲ್ಲಷ್ಟೇ ಕೂರೋದು ಬೇಡ. ಅಧ್ಯಕ್ಷತೆ ಅವರಿಗೆ ಬರಲಿ, ಲೆಕ್ಕಪತ್ರ ಅವರ ಕೈಗೆ ಬರಲಿ, ಮೆರವಣಿಗೆಯ ಮುಂದೆ ಅವರ ಗಾಲಿ ಇರಲಿ. ಮೆರವಣಿಗೆ ಆ ಗಾಲಿಯ ವೇಗದಲ್ಲೇ ನಡೀಲಿ.

ಗೆಳೆಯರೇ, ಸಂವಿಧಾನದ 41ನೇ ವಿಧಿಯಲ್ಲಿ ನಿರುದ್ಯೋಗ, ಮುಪ್ಪು, ಕಾಯಿಲೆಗಳ ಜೊತೆ ಅಂಗವಿಕಲತೆಯ ಹೆಸರೂ ಇದೆ: ಆ ಕಾಲಕ್ಕೆ ಸರ್ಕಾರ ನೆರವಿಗೆ ಬರಬೇಕು ಅಂತ. ತಾರತಮ್ಯ ಮಾಡಬಾರದು ಅನ್ನೋ 15ನೇ ವಿಧಿಯ ಪಟ್ಟಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ಇವೆ, ಅಂಗವಿಕಲತೆಯ ಹೆಸರಿಲ್ಲ. ನೆರವಿನ ಪಟ್ಟಿಯಿಂದ ಸಮಾನತೆಯ ಪಟ್ಟಿಗೆ ಆ ಹೆಸರನ್ನ ತರೋದೇ ಮುಂದಿನ ಹೋರಾಟ. ಅದನ್ನ ಅಂಗವಿಕಲರು ಒಬ್ಬರೇ ಮಾಡಬೇಕಾಗಿಲ್ಲ. ನಾಳೆ ಬೆಳಗ್ಗೆ ತಿಂಡಿ ಆದ ಮೇಲೆ ಟೇಪು ಹಿಡಿದು ಹೊರಡೋ ತಂಡಗಳ ಪಟ್ಟಿ ಈಗಲೇ ಮಾಡ್ತೇವೆ. ಹೆಸರು ಕೊಡೋರು ಮುಂದೆ ಬನ್ನಿ. ಮುಂದೆ ಬರೋಕೆ ಕಷ್ಟ ಇರೋ ಗೆಳೆಯರು ಕೂತಲ್ಲೇ ಕೈ ಎತ್ತಿ, ಪುಸ್ತಕ ನಿಮ್ಮ ಹತ್ತಿರ ಬರುತ್ತೆ.

ಜೈ ಭೀಮ್.